ಶಾಲೆ ತಪ್ಪಿಸುವ ಹುಡುಗರ ನ್ಯಾಯಾಧೀಶ ಬೆನ್ ಲಿಂಡ್ಸೆ

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರ. 1901ರ ಸುಮಾರಿಗೆ ಅಲ್ಲಿನ ಕೌಂಟಿ ನ್ಯಾಯಾಲಯದ ಕಲಾಪ ಮುಗಿಯುವ ಹೊತ್ತಿಗೆ, ರೈಲು ಹಳಿಯ ಬಳಿ ಕಲ್ಲಿದ್ದಲು ಕದ್ದ ಬಾಲಕನೊಬ್ಬನ ಪ್ರಕರಣ ವಿಚಾರಣೆಗೆ ಬಂತು. ಸಾಕ್ಷ್ಯ ಸ್ಪಷ್ಟವಿತ್ತು. ಹೊಸದಾಗಿ ಪೀಠವೇರಿದ್ದ ನ್ಯಾಯಾಧೀಶರು ಸುಧಾರಣಾ ಶಾಲೆಯ ಶಿಕ್ಷೆ ವಿಧಿಸಿದರು. ಮರುಕ್ಷಣವೇ ಬಾಲಕನ ತಾಯಿಯ ಆಕ್ರಂದನ ಸಭಾಂಗಣವನ್ನು ನಡುಗಿಸಿತು. ನ್ಯಾಯಾಧೀಶರು ಶಿಕ್ಷೆಯನ್ನು ತಡೆಹಿಡಿದು, ತಾವೇ ಆ ಮನೆ ಹುಡುಕಿಕೊಂಡು ಹೋದರು. ತಂದೆ ಸೀಸದ ವಿಷವೇರಿ ಹಾಸಿಗೆ ಹಿಡಿದಿದ್ದ. ಮನೆ ಬೆಚ್ಚಗಿಡಲು ಇದ್ದಲಿರಲಿಲ್ಲ.

ಆ ನ್ಯಾಯಾಧೀಶರೇ ಬೆನ್ ಲಿಂಡ್ಸೆ. ಕಷ್ಟವೆಂಬುದು ಅವರಿಗೆ ಹೊಸತಲ್ಲ. 1869ರ ನವೆಂಬರ್ 25ರಂದು ಟೆನೆಸ್ಸಿಯ ಜಾಕ್ಸನ್‌ನಲ್ಲಿ ಜನಿಸಿದ ಅವರು, ತಂದೆ ಆತ್ಮಹತ್ಯೆ ಮಾಡಿಕೊಂಡಾಗ ಇನ್ನೂ ಹದಿಹರೆಯದವರು. ಬೆಳಿಗ್ಗೆ ಪತ್ರಿಕೆ ಹಂಚಿ, ಹಗಲು ಕಚೇರಿಯಲ್ಲಿ ದುಡಿದು, ಸಂಜೆ ಕಸ ಗುಡಿಸಿ ಸಂಸಾರ ಸಾಕಿದರು. ಒಮ್ಮೆ ಹತಾಶರಾಗಿ ತಲೆಗೆ ಪಿಸ್ತೂಲು ಹಿಡಿದರೂ ಗುಂಡು ಹಾರಲಿಲ್ಲ. 1894ರಲ್ಲಿ ವಕೀಲರಾದರು.

ಕಲ್ಲಿದ್ದಲಿನ ಪ್ರಕರಣದ ಬಳಿಕ ಅವರು ಕಾನೂನು ಪುಸ್ತಕಗಳನ್ನು ತಡಕಾಡಿದಾಗ ಸಿಕ್ಕಿದ್ದು 1899ರ ಏಪ್ರಿಲ್‌ನ ಶಾಲಾ ಕಾಯಿದೆ. ಪದೇ ಪದೇ ಶಾಲೆಗೆ ಚಕ್ಕರ್ ಹೊಡೆಯುವ, ಶಾಲಾ ವೇಳೆಯಲ್ಲಿ ಬೀದಿ ಸುತ್ತುವ ಮಕ್ಕಳನ್ನು ಅದು ಅಪರಾಧಿಗಳೆನ್ನದೆ ಶಿಸ್ತು ತಪ್ಪಿದವರೆಂದಷ್ಟೇ ಕರೆದಿತ್ತು. ಮಕ್ಕಳ ಪ್ರಕರಣಗಳನ್ನೆಲ್ಲ ಈ ಕಾಯಿದೆಯಡಿಯೇ ತರುವಂತೆ ಲಿಂಡ್ಸೆ ಸರ್ಕಾರಿ ವಕೀಲರನ್ನು ಒಪ್ಪಿಸಿದರು. ಶಾಲೆ ತಪ್ಪಿಸುವುದನ್ನು ತಡೆಯಲೆಂದು ಹುಟ್ಟಿದ ಕಾನೂನೇ ಹೀಗೆ ಬಾಲನ್ಯಾಯಾಲಯದ ಬುನಾದಿಯಾಯಿತು. ಷಿಕಾಗೊದಲ್ಲಿ ಅದೇ ವರ್ಷ ಮಕ್ಕಳ ನ್ಯಾಯಾಲಯ ತೆರೆದಿತ್ತು. ಆದರೂ ಕೊಲರಾಡೊ ಕಾಯಿದೆಯೇ ಮೊದಲಿನದೆಂದು ಲಿಂಡ್ಸೆ ವಾದಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ನ್ಯಾಯಾಲಯ ಹುಡುಗರಿಂದ ತುಂಬುತ್ತಿತ್ತು. ಪ್ರತಿಯೊಬ್ಬನೂ ಶಿಕ್ಷಕರಿಂದ ಹಾಜರಾತಿ, ನಡತೆಯ ವರದಿ ತರಬೇಕು. ಕುಳ್ಳಗೆ, ತೆಳ್ಳಗಿದ್ದ ಲಿಂಡ್ಸೆ ಪೀಠದಿಂದಿಳಿದು ಹುಡುಗರ ನಡುವೆ ನಿಲ್ಲುತ್ತಿದ್ದರು. ಒಳ್ಳೆಯ ವರದಿಗೆ ಎಲ್ಲರೆದುರು ಮೆಚ್ಚುಗೆ. ಕೆಟ್ಟದ್ದಕ್ಕೆ ಏಕಾಂತದಲ್ಲಿ ಮಾತುಕತೆ. ಗೋಲ್ಡನ್ ಪಟ್ಟಣದ ಸುಧಾರಣಾ ಶಾಲೆಗೆ ಕಳುಹಿಸಬೇಕಾದ ಹುಡುಗರ ಕೈಗೇ ಆದೇಶಪತ್ರವನ್ನೂ ಪ್ರಯಾಣದ ಹಣವನ್ನೂ ಕೊಟ್ಟು, ಕಾವಲಿಲ್ಲದೆ ಕಳುಹಿಸುತ್ತಿದ್ದರು. ಪೊಲೀಸರು ನಕ್ಕರು. ಹುಡುಗರು ಮಾತ್ರ ಬಹುತೇಕ ಎಲ್ಲರೂ ಅಲ್ಲಿಗೆ ತಲುಪಿದರು.

ತಪ್ಪು ಮಗುವಿನದಷ್ಟೇ ಅಲ್ಲವೆಂಬ ಅವರ ವಾದಕ್ಕೆ 1903ರಲ್ಲಿ ಕಾನೂನಿನ ಬಲ ಬಂತು. ಮಗು ಹಾದಿ ತಪ್ಪಲು ಕಾರಣರಾಗುವ ಹಿರಿಯರೂ ಇದರಿಂದ ಹೊಣೆಗಾರರಾದರು. 1907ರಲ್ಲಿ ಡೆನ್ವರ್‌ಗೆ ಪ್ರತ್ಯೇಕ ಬಾಲನ್ಯಾಯಾಲಯವೇ ದೊರೆಯಿತು.

ಆದರೆ ಈ ಪದ್ಧತಿ ನಿಂತಿದ್ದುದು ಒಬ್ಬ ವ್ಯಕ್ತಿಯ ಸಹೃದಯತೆಯ ಮೇಲೆ. ಲಿಂಡ್ಸೆಯಂತಹವರಿಲ್ಲದ ಕಡೆ ವಕೀಲರಿಲ್ಲದ, ನಿಯಮಗಳಿಲ್ಲದ ಅದೇ ಸಲುಗೆಯ ವಿಚಾರಣೆ ಮಕ್ಕಳ ಪಾಲಿಗೆ ಮುಳುವಾಗಬಹುದಿತ್ತು. ಬಾಲನ್ಯಾಯಾಲಯಗಳಲ್ಲೂ ಮಕ್ಕಳಿಗೆ ವಕೀಲರ ನೆರವಿನ ಹಕ್ಕಿದೆಯೆಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ, ಲಿಂಡ್ಸೆ ಕಾಲವಾಗಿ 24 ವರ್ಷಗಳಾದ ಮೇಲೆ.

ಹುಡುಗರು ನಂಬಿ ಹೇಳಿದ್ದನ್ನು ಅವರೆಂದೂ ಬಯಲು ಮಾಡಲಿಲ್ಲ. ಕೊಲೆ ಪ್ರಕರಣವೊಂದರಲ್ಲಿ ಬಾಲಕನೊಬ್ಬ ಹೇಳಿಕೊಂಡ ಗುಟ್ಟನ್ನು ಹೊರಗೆಡವಲು ಒಪ್ಪದೆ, ನ್ಯಾಯಾಂಗ ನಿಂದನೆಗಾಗಿ 500 ಡಾಲರ್ ದಂಡ ತೆತ್ತರು. ವೈರಿಗಳಿಗೂ ಕೊರತೆಯಿರಲಿಲ್ಲ. 1910ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಕಂಪನಿಗಳು ಮತ್ತು ರಾಜಕಾರಣಿಗಳ ಕೂಟವನ್ನು ಬಯಲಿಗೆಳೆದಿದ್ದರು. ಕೊಲರಾಡೊ ರಾಜಕೀಯವನ್ನು ಆವರಿಸಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಜನಾಂಗದ್ವೇಷಿ ಸಂಘಟನೆಯನ್ನು ಎದುರು ಹಾಕಿಕೊಂಡೇ 1924ರ ಚುನಾವಣೆ ಗೆದ್ದರು. ಆ ಗೆಲುವು ತಕರಾರಿಗೆ ಸಿಲುಕಿ, 1927ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಸ್ಥಾನ ಕೈತಪ್ಪಿತು.

ಹೋಗುವ ಮುನ್ನ ಅವರು ಮಕ್ಕಳ ಗುಟ್ಟುಗಳಿದ್ದ ಕಡತಗಳನ್ನು ಖಾಲಿ ನಿವೇಶನವೊಂದಕ್ಕೆ ಸಾಗಿಸಿ ಸುಟ್ಟುಹಾಕಿದರು. 1929ರಲ್ಲಿ, ನ್ಯಾಯಾಧೀಶರಾಗಿದ್ದಾಗ ಶುಲ್ಕ ಪಡೆದ ಆರೋಪದ ಮೇಲೆ ಕೊಲರಾಡೊದಲ್ಲಿ ವಕೀಲಿ ಸನ್ನದನ್ನೂ ಕಳೆದುಕೊಂಡರು. ಅದು ಮರಳಿದ್ದು 1935ರಲ್ಲಿ. ಅಷ್ಟರೊಳಗೆ ಕ್ಯಾಲಿಫೋರ್ನಿಯಾ ಸೇರಿದ್ದ ಅವರನ್ನು 1934ರಲ್ಲಿ ಲಾಸ್ ಏಂಜಲೀಸ್‌ನ ಮತದಾರರು ಮತ್ತೆ ನ್ಯಾಯಪೀಠದಲ್ಲಿ ಕೂರಿಸಿದ್ದರು. 1943ರ ಮಾರ್ಚ್ 26ರಂದು ಅದೇ ನಗರದಲ್ಲಿ ನಿಧನರಾದರು.