ಒಡಕು ಚೂರುಗಳ ಗೋಪುರ

ಬೆಳಗಾವಿ ನಗರದ ಉದ್ಯಮಬಾಗದಲ್ಲಿ ಎರಕದ ಕಾರ್ಖಾನೆಗಳೂ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಗಳೂ ಇವೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಇರುವ ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಕಬ್ಬಿಣದ ಕೆಲಸ ನಡೆಯುವಲ್ಲಿ ತುಂಡು ಸರಳುಗಳು ಉಳಿಯುತ್ತವೆ. ಮಡಕೆ ಸುಡುವ ಆವಿಗೆಯ ಬಳಿ ಒಡಕು ಚೂರುಗಳು ಬೀಳುತ್ತವೆ. ಒಂದು ಗುಜರಿಯನ್ನು ಸೇರುತ್ತದೆ, ಇನ್ನೊಂದು ತಿಪ್ಪೆಯನ್ನು ಸೇರುತ್ತದೆ. ಆದರೆ ಇಂತಹುದೇ ಕಬ್ಬಿಣದ ತುಂಡುಗಳಿಂದಲೂ ಇಂತಹುದೇ ಒಡಕು ಚೂರುಗಳಿಂದಲೂ ಆಕಾಶಕ್ಕೆ ತಲೆಯೆತ್ತಿದ ಗೋಪುರಗಳನ್ನು ಕಟ್ಟಿದ ಕೂಲಿಕಾರನೊಬ್ಬನು ಅಮೆರಿಕದಲ್ಲಿ ಇದ್ದನು. ಆತನ ಹೆಸರು ಸೈಮನ್ ರೋಡಿಯಾ.

ರೋಡಿಯಾ ಹುಟ್ಟಿದ್ದು 1879ರಲ್ಲಿ, ದಕ್ಷಿಣ ಇಟಲಿಯ ರಿಬೊತ್ತೋಲಿ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಸಬಾತೊ. ಬಡತನವು ಆ ನಾಡಿನ ಅನೇಕರನ್ನು ಕಡಲಾಚೆಗೆ ಅಟ್ಟಿದ ಕಾಲವದು. ಹದಿಹರೆಯದಲ್ಲಿಯೇ ರೋಡಿಯಾ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯದಲ್ಲಿದ್ದ ಅಣ್ಣನ ಆಶ್ರಯವನ್ನು ಸೇರಿದನು. ಆದರೆ ಕಲ್ಲಿದ್ದಲಿನ ಗಣಿಯಲ್ಲಿ ನಡೆದ ಅಪಘಾತವೊಂದರಲ್ಲಿ ಅಣ್ಣನು ಮಡಿದನು. ಅಂದಿನಿಂದ ತರುಣನು ಕೆಲಸವನ್ನು ಅರಸಿ ಊರೂರು ಅಲೆದನು. ಗಾರೆಯ ಕೆಲಸ, ಹೆಂಚುಗಲ್ಲು ಜೋಡಿಸುವ ಕೆಲಸ, ಕಾವಲು ಕೆಲಸ, ಹೀಗೆ ಕೈಗೆ ಸಿಕ್ಕಿದುದನ್ನು ಮಾಡುತ್ತ ದೇಶದ ಪಶ್ಚಿಮ ಕರಾವಳಿಯನ್ನು ಮುಟ್ಟಿದನು. ಮದುವೆಯಾಗಿ ಮಕ್ಕಳಾದರೂ ಕುಡಿತದ ಚಟದಿಂದ ಸಂಸಾರವು ಮುರಿದುಬಿದ್ದಿತು. ನಡುವಯಸ್ಸನ್ನು ತಲುಪುವ ಹೊತ್ತಿಗೆ ಆತನ ಪಾಲಿಗೆ ಉಳಿದಿದ್ದುದು ಎರಡು ಕೈಗಳು ಮತ್ತು ಆ ಕೈಗಳಿಗೆ ಅಂಟಿದ ಕಸುಬು ಮಾತ್ರ.

1921ರಲ್ಲಿ ರೋಡಿಯಾ ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಭಾಗದಲ್ಲಿ, ರೈಲುಹಳಿಯ ಪಕ್ಕದಲ್ಲಿದ್ದ ಮೂರು ಮೂಲೆಯ ಸಣ್ಣ ನಿವೇಶನವೊಂದನ್ನು ಕೊಂಡನು. ಬಡ ಕೂಲಿಕಾರರು ವಾಸಿಸುತ್ತಿದ್ದ ಆ ಕೇರಿಯಲ್ಲಿ ಆತನ ಮಹತ್ಕಾರ್ಯವು ಆರಂಭವಾಯಿತು. ಹಗಲೆಲ್ಲ ಕೂಲಿ ಮಾಡಿ, ಸಂಜೆಯ ವೇಳೆಯಲ್ಲಿಯೂ ರಜೆಯ ದಿನಗಳಲ್ಲಿಯೂ ಆತನು ತನ್ನ ಅಂಗಳದಲ್ಲಿ ದುಡಿಯುತ್ತಿದ್ದನು. ಈ ಕ್ರಮವು ಒಂದೆರಡು ವರ್ಷಗಳಲ್ಲ, 33 ವರ್ಷಗಳ ಕಾಲ ನಡೆಯಿತು.

ಆತನ ಬಳಿ ನಕ್ಷೆಯಿರಲಿಲ್ಲ, ಯಂತ್ರಗಳಿರಲಿಲ್ಲ, ಸಹಾಯಕ್ಕೆ ಆಳುಗಳೂ ಇರಲಿಲ್ಲ. ಹಳೆಯ ಉಕ್ಕಿನ ಸರಳುಗಳನ್ನೂ ಕೊಳವೆಗಳನ್ನೂ ರೈಲುಹಳಿಯ ಸಂದಿಗೆ ಸಿಕ್ಕಿಸಿ ಬಾಗಿಸುವನು. ಬೆಸುಗೆ ಹಾಕುವುದಾಗಲಿ, ಬೋಲ್ಟು ಬಿಗಿಯುವುದಾಗಲಿ ಇಲ್ಲ. ಸರಳಿಗೆ ಸರಳನ್ನು ಸೇರಿಸಿ, ತಂತಿಯಿಂದ ಬಿಗಿದು, ಮೇಲೆ ತಂತಿಯ ಬಲೆಯನ್ನು ಸುತ್ತಿ, ಸಿಮೆಂಟು ಗಾರೆಯನ್ನು ಬಳಿಯುವನು. ಗಾರೆಯು ಹಸಿಯಾಗಿರುವಾಗಲೇ ಅದರಲ್ಲಿ ಒಡೆದ ತಟ್ಟೆಗಳು, ಬಣ್ಣದ ಬಿಲ್ಲೆಗಳು, ಹಸಿರು ಮತ್ತು ನೀಲಿ ಸೀಸೆಗಳ ಚೂರುಗಳು, ಕಡಲ ಚಿಪ್ಪುಗಳು ಇವುಗಳನ್ನು ಒತ್ತಿ ಕೂರಿಸುವನು. ಸಾರುವೆಯನ್ನು ಕಟ್ಟುವ ಬದಲು ಗೋಪುರದ ಬಳೆಗಳನ್ನೇ ಮೆಟ್ಟಿಲಾಗಿ ಮಾಡಿಕೊಂಡು, ಸೊಂಟಕ್ಕೆ ಪಟ್ಟಿಯನ್ನು ಬಿಗಿದುಕೊಂಡು, ಗಾರೆಯ ಬಕೆಟ್ಟನ್ನು ಹಿಡಿದು ಮೇಲೇರುವನು. ಹೀಗೆ ಒಂದಕ್ಕೊಂದು ಹೆಣೆದುಕೊಂಡ 17 ರಚನೆಗಳು ಆ ಅಂಗಳದಲ್ಲಿ ಎದ್ದು ನಿಂತವು. ಅವುಗಳಲ್ಲಿ ಅತ್ಯಂತ ಎತ್ತರವಾದುದು ಸುಮಾರು 30 ಮೀಟರು ಎತ್ತರದ ಗೋಪುರ.

ಈ ಕಾರ್ಯದಲ್ಲಿ ರೋಡಿಯಾನ ಮಿತ್ರರಾದವರು ನೆರೆಹೊರೆಯ ಮಕ್ಕಳು. ಒಡೆದ ಬಟ್ಟಲು, ಗಾಜಿನ ತುಂಡು, ಬಣ್ಣದ ಸೀಸೆ ಕಂಡಲ್ಲಿ ಆಯ್ದು ತಂದು ಅವರು ಆತನಿಗೆ ಕೊಡುತ್ತಿದ್ದರು. ಆತನು ಅದಕ್ಕೆ ಬಿಡಿಕಾಸನ್ನೋ ತಿಂಡಿಯನ್ನೋ ಕೊಡುತ್ತಿದ್ದನು. ತಾವು ಬೀದಿಯಲ್ಲಿ ಹೆಕ್ಕಿದ ಚೂರು ಗೋಪುರದ ಮೈಯಲ್ಲಿ ಮಿನುಗುವುದನ್ನು ಆ ಮಕ್ಕಳು ಕಣ್ಣಾರೆ ಕಂಡರು. ದೊಡ್ಡವರಲ್ಲಿ ಕೆಲವರಾದರೋ ಆತನನ್ನು ಹುಚ್ಚನೆಂದು ಹಾಸ್ಯ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಈ ಗೋಪುರಗಳಿಂದ ಶತ್ರುಗಳಿಗೆ ಸುದ್ದಿ ಹೋಗುತ್ತಿದೆ ಎಂಬ ಗಾಳಿಮಾತು ಕೂಡ ಹಬ್ಬಿತು. ರೋಡಿಯಾ ಯಾವುದಕ್ಕೂ ಕೆಲಸವನ್ನು ನಿಲ್ಲಿಸಲಿಲ್ಲ.

1954ರ ಹೊತ್ತಿಗೆ ಆತನಿಗೆ 75 ವರ್ಷಗಳಾಗಿದ್ದವು. ಮರುವರ್ಷ ಆತನು ತನ್ನ ನಿವೇಶನವನ್ನು ನೆರೆಯವನೊಬ್ಬನಿಗೆ ಕೊಟ್ಟು, ಮಾರ್ಟಿನೆಜ್ ಎಂಬ ದೂರದ ಊರಿಗೆ ಹೊರಟುಹೋದನು. ಮತ್ತೆಂದೂ ಆ ಗೋಪುರಗಳನ್ನು ನೋಡಲು ಬರಲಿಲ್ಲ.

ಕಟ್ಟಿದವನು ಹೋದ ಮೇಲೆ ಕಟ್ಟಡಕ್ಕೆ ಆಪತ್ತು ಬಂದಿತು. ಅನುಮತಿಯಿಲ್ಲದೆ, ನಕ್ಷೆಯಿಲ್ಲದೆ, ಕಸದಿಂದ ಕಟ್ಟಿದ ಈ ಗೋಪುರಗಳು ಜನರ ಮೇಲೆ ಕುಸಿಯಬಹುದೆಂದು ನಗರದ ಅಧಿಕಾರಿಗಳು ಅವನ್ನು ಕೆಡವಲು ಆಜ್ಞೆ ಮಾಡಿದರು. ಅಧಿಕಾರಿಗಳ ಆತಂಕವು ಅಕಾರಣವಾದುದೇನೂ ಅಲ್ಲ. ಆದರೆ ಪರೀಕ್ಷಿಸದೆ ತೀರ್ಪು ಕೊಡುವುದು ನ್ಯಾಯವಲ್ಲ. 1959ರಲ್ಲಿ ವಿಲಿಯಂ ಕಾರ್ಟ್‌ರೈಟ್ ಮತ್ತು ನಿಕೊಲಾಸ್ ಕಿಂಗ್ ಎಂಬ ಇಬ್ಬರು ತರುಣರು ಆ ಸ್ಥಳವನ್ನು ಕೊಂಡರು. ಗೋಪುರಗಳನ್ನು ಉಳಿಸಲು ನಾಗರಿಕರ ಸಮಿತಿಯೊಂದು ರಚಿತವಾಯಿತು. ಬಡ್ ಗೋಲ್ಡ್‌ಸ್ಟೋನ್ ಎಂಬ ಇಂಜಿನಿಯರನು ಲೆಕ್ಕ ಹಾಕಿ, ಗೋಪುರವನ್ನು ಬಲವಾಗಿ ಪಕ್ಕಕ್ಕೆ ಎಳೆದು ಪರೀಕ್ಷಿಸಬಹುದೆಂದು ಸೂಚಿಸಿದನು. ಬಿದ್ದರೆ ಅಧಿಕಾರಿಗಳ ಮಾತು ನಿಜ. ನಿಂತರೆ ರೋಡಿಯಾನ ಕೈಕೆಲಸ ಗೆದ್ದಂತೆ.

1959ರ ಅಕ್ಟೋಬರ್ 10ರಂದು ಜನರು ನೆರೆದು ನೋಡುತ್ತಿದ್ದಂತೆ ಪರೀಕ್ಷೆ ನಡೆಯಿತು. ಗೋಪುರಕ್ಕೆ ಉಕ್ಕಿನ ಹಗ್ಗಗಳನ್ನು ಬಿಗಿದು, 10,000 ಪೌಂಡುಗಳ, ಅಂದರೆ ಸುಮಾರು 4,500 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಲಾಯಿತು. ಗೋಪುರವು ಬೀಳಲಿಲ್ಲ. ಎಳೆಯುತ್ತಿದ್ದ ಸಾಧನವೇ ಸೋತಿತು. ಕೆಡವುವ ಆಜ್ಞೆ ಬಿದ್ದುಹೋಯಿತು. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಕೂಲಿಕಾರನ ಕೈಗಳು ವಿಜ್ಞಾನದ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಸರಳಿನ ಬಿಗಿತವೂ ಗಾರೆಯ ಗಟ್ಟಿತನವೂ ಒಂದಕ್ಕೊಂದು ನೆರವಾಗುವ ಬಗೆಯನ್ನು ರೋಡಿಯಾ ಪುಸ್ತಕದಿಂದ ಕಲಿತಿರಲಿಲ್ಲ; ದಿನನಿತ್ಯದ ದುಡಿಮೆಯಿಂದ ಕಲಿತಿದ್ದನು.

ರೋಡಿಯಾ 1965ರ ಜುಲೈ 16ರಂದು ತೀರಿಕೊಂಡನು. ಆದರೆ ಆತನ ಕೆಲಸದ ಫಲವು ಅಲ್ಲಿಗೇ ಮುಗಿಯಲಿಲ್ಲ. ಗೋಪುರಗಳನ್ನು ಉಳಿಸಿದ ಸಮಿತಿಯು ಅವುಗಳ ಪಕ್ಕದಲ್ಲಿಯೇ ಕೇರಿಯ ಮಕ್ಕಳಿಗಾಗಿ ಕಲೆಯ ತರಗತಿಗಳನ್ನು ನಡೆಸುತ್ತಿತ್ತು. 1964ರಿಂದ ಆ ಕಲಾಕೇಂದ್ರದ ಹೊಣೆಯನ್ನು ನೋವಾ ಪ್ಯೂರಿಫಾಯ್ ಎಂಬ ಕರಿಯ ಶಿಲ್ಪಿಯು ಹೊತ್ತಿದ್ದನು. ಆತನು ಮೊದಲು ಸಮಾಜ ಸೇವೆಯ ಕೆಲಸದಲ್ಲಿದ್ದು, ಬಡಮಕ್ಕಳ ಕಷ್ಟವನ್ನು ಬಲ್ಲವನಾಗಿದ್ದನು.

ರೋಡಿಯಾ ಮಡಿದು ಒಂದು ತಿಂಗಳು ತುಂಬುವ ಮೊದಲೇ, 1965ರ ಆಗಸ್ಟ್ ತಿಂಗಳಲ್ಲಿ, ವರ್ಣಭೇದದಿಂದಲೂ ನಿರುದ್ಯೋಗದಿಂದಲೂ ನೊಂದಿದ್ದ ವಾಟ್ಸ್‌ನಲ್ಲಿ ದಂಗೆಯ ಕಿಡಿ ಹೊತ್ತಿತು. ಆರು ದಿನಗಳಲ್ಲಿ 34 ಜನರು ಸತ್ತರು. ಅಂಗಡಿಗಳ ಸಾಲುಗಳು ಸುಟ್ಟು ಬೂದಿಯಾದವು. ಗೋಪುರಗಳಿಗೆ ಮಾತ್ರ ಯಾವ ಹಾನಿಯೂ ಆಗಲಿಲ್ಲ. ಬೆಂಕಿ ಆರಿದ ಮೇಲೆ ಪ್ಯೂರಿಫಾಯನೂ ಆತನ ಜೊತೆಗಾರ ಜಡ್ಸನ್ ಪೋವೆಲನೂ ಬೀದಿಗಳಿಂದ ಸುಮಾರು ಮೂರು ಟನ್ನುಗಳಷ್ಟು ಅವಶೇಷಗಳನ್ನು ಹೆಕ್ಕಿ ತಂದರು: ಕರಕಲಾದ ಮರ, ಕರಗಿದ ಲೋಹ, ಮುದುಡಿದ ನಿಯಾನ್ ದೀಪದ ಫಲಕಗಳು. ಇವುಗಳಿಂದ ಅವರೂ ಸಂಗಡಿಗ ಕಲಾವಿದರೂ ಶಿಲ್ಪಗಳನ್ನು ರಚಿಸಿದರು. 1966ರಲ್ಲಿ ರೋಡಿಯಾನ ಸ್ಮರಣೆಗಾಗಿ ನಡೆದ ಕಲೋತ್ಸವದಲ್ಲಿ, ವಾಟ್ಸ್‌ನ ಮಾರ್ಕಮ್ ಶಾಲೆಯಲ್ಲಿ ಆ ಶಿಲ್ಪಗಳ ಪ್ರದರ್ಶನ ನಡೆಯಿತು. ತಮ್ಮ ಬೀದಿ ಸುಡುವುದನ್ನು ಕಂಡ ಕಣ್ಣುಗಳೇ ಆ ಬೂದಿಯಿಂದ ಹೊಸ ರೂಪ ಮೂಡುವುದನ್ನೂ ಕಂಡವು. ಮುಂದೆ ಆ ಶಿಲ್ಪಗಳು ಅನೇಕ ವಿಶ್ವವಿದ್ಯಾಲಯಗಳಿಗೆ ಪಯಣ ಮಾಡಿದವು. ಮಾಡಿದ ವಸ್ತುವಿಗಿಂತ ಮಾಡುವ ಕ್ರಿಯೆಯೇ ದೊಡ್ಡದು, ಅದು ಮಾಡುವವನನ್ನು ತಿದ್ದುತ್ತದೆ ಎಂಬುದು ಪ್ಯೂರಿಫಾಯನ ನಂಬಿಕೆಯಾಗಿತ್ತು.

1990ರಲ್ಲಿ ಅಮೆರಿಕ ಸರಕಾರವು ವಾಟ್ಸ್ ಗೋಪುರಗಳನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಮನ್ನಿಸಿತು. ಇಂತಹ ಸಾಧನೆ ನಮ್ಮ ದೇಶಕ್ಕೂ ಹೊಸದಲ್ಲ. ಚಂಡೀಗಡದಲ್ಲಿ ರಸ್ತೆ ಇಲಾಖೆಯ ನೌಕರನಾಗಿದ್ದ ನೇಕ್ ಚಂದ್, ಒಡೆದ ಬಳೆ, ಬಟ್ಟಲು, ಕಲ್ಲುಗಳಿಂದ ಯಾರಿಗೂ ತಿಳಿಯದಂತೆ ಕಟ್ಟಿದ ಶಿಲೋದ್ಯಾನವು 1976ರಲ್ಲಿ ಜನರಿಗೆ ತೆರೆಯಿತು. ರೋಡಿಯಾನಂತೆಯೇ ಆತನಿಗೂ ಯಾವ ಕಲಾಶಾಲೆಯ ಪದವಿಯೂ ಇರಲಿಲ್ಲ.

ವಸ್ತುವಿನ ಬೆಲೆ ಅದನ್ನು ಎಸೆದವನ ಕಣ್ಣಿನಿಂದ ತೀರ್ಮಾನವಾಗುವುದಿಲ್ಲ. ಅದನ್ನು ಎತ್ತಿಕೊಂಡವನ ಕೈಯಿಂದ ತೀರ್ಮಾನವಾಗುತ್ತದೆ. ಮನುಷ್ಯನ ಮಾತೂ ಹಾಗೆಯೇ. ಮನೆ ಮುರಿದ, ಊರು ಬಿಟ್ಟ, ಜನರು ನಕ್ಕ ಒಬ್ಬ ಕೂಲಿಕಾರನು ಮೂವತ್ತಮೂರು ವರ್ಷಗಳ ದುಡಿಮೆಯಿಂದ ತನ್ನನ್ನೂ ಚೂರುಗಳನ್ನೂ ಒಂದುಗೂಡಿಸಿಕೊಂಡನು. ಆತನು ಯಾವ ಪಾಠಶಾಲೆಯಲ್ಲಿಯೂ ಪಾಠ ಹೇಳಲಿಲ್ಲ. ಆದರೂ ಆತನು ಕಟ್ಟಿದ ಗೋಪುರಗಳ ನೆರಳಿನಲ್ಲಿ ತಲೆಮಾರುಗಳ ಮಕ್ಕಳು ನೋಡುವುದನ್ನೂ ಆಯುವುದನ್ನೂ ಜೋಡಿಸುವುದನ್ನೂ ಕಲಿತರು. ಖಾನಾಪುರದ ಆವಿಗೆಯ ಬಳಿ ಬಿದ್ದ ಚೂರಿಗೂ ಬೆಳಗಾವಿಯ ಕಾರ್ಖಾನೆಯಲ್ಲಿ ಉಳಿದ ಸರಳಿಗೂ ಅಂತಹುದೇ ಶಕ್ತಿಯಿದೆ. ಅದಕ್ಕೆ ಬೇಕಾದುದು ಕಾಣುವ ಕಣ್ಣು ಮತ್ತು ಬೇಸರಿಸದೆ ದುಡಿಯುವ ಕೈ.