ನೂರು ಸಲ ಹಾರಿದವನು

ಅಂಧೇರಿಯ ಚೆಶೈರ್ ಹೋಮಿನ ಹೆಸರು ನಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಯಾರೋ ಪಾದ್ರಿ ಕಟ್ಟಿಸಿದ್ದಿರಬೇಕು ಅಂತ ನಾನು ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯ್ತು, ಆತ ಎರಡನೆಯ ಮಹಾಯುದ್ಧದಲ್ಲಿ ನೂರು ಸಲ ಬಾಂಬು ಹಾಕಲು ಹೋಗಿ ಬಂದ ಪೈಲಟ್!

ಲೆನರ್ಡ್ ಚೆಶೈರ್ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಲಾ ಓದಲು ಸೇರಿದ. ಓದಿಗಿಂತ ಕಾರು, ಮೋಜುಗಳೇ ಹೆಚ್ಚು. ನಮ್ಮ ಎನ್.ಸಿ.ಸಿ. ಇದ್ದ ಹಾಗೆ ಆ ವಿಶ್ವವಿದ್ಯಾಲಯದಲ್ಲಿ ಏರ್ ಸ್ಕ್ವಾಡ್ರನ್ ಇತ್ತು. ಹಾರಲು ಕಲಿತದ್ದು ಅಲ್ಲೇ.

ಯುದ್ಧ ಶುರುವಾದ ಮೇಲೆ ವಿಟ್ಲಿ ಎಂಬ ಎರಡು ಎಂಜಿನ್ನಿನ ಬಾಂಬರ್ ಮೇಲೆ ತರಬೇತಿ. 1940ರ ಜೂನ್‌ನಲ್ಲಿ 102ನೇ ಸ್ಕ್ವಾಡ್ರನ್ ಸೇರಿದ. ಬಂದ ಕೂಡಲೇ ವಿಮಾನ ಕೈಗೆ ಕೊಡಲಿಲ್ಲ. ಲಾಂಗ್ ಎಂಬ ನ್ಯೂಜಿಲೆಂಡಿನ ಪೈಲಟ್ ಪಕ್ಕದಲ್ಲಿ ಕೂತು ಕೆಲಸ ಕಲಿಯಬೇಕಾಯಿತು.

ಅದೇ ನವೆಂಬರಿನ ಒಂದು ರಾತ್ರಿ ಕಲೋನ್ ಹತ್ತಿರ ಶತ್ರುವಿನ ಗುಂಡು ತಗಲಿ ವಿಮಾನದೊಳಗೇ ಫ್ಲೇರ್ ಸಿಡಿಯಿತು. ಪಕ್ಕದ ಗೋಡೆ ಹರಿದುಹೋಯಿತು, ಬೆಂಕಿ ಎದ್ದಿತು, ವೈರ್‌ಲೆಸ್ ನೋಡುತ್ತಿದ್ದ ಹುಡುಗ ಸುಟ್ಟುಹೋದ. ಆದರೂ ಎಲ್ಲರನ್ನೂ ಜೀವಂತ ಮನೆಗೆ ತಂದ. ಆಗ ಅವನಿಗೆ 23 ವರ್ಷ. ನನಗಿಂತ ಮೂರೇ ವರ್ಷ ದೊಡ್ಡವನು.

ನಾನು ಕಾಮರ್ಸ್ ಹುಡುಗ, ಲೆಕ್ಕ ಬಿಟ್ಟರೆ ನಿದ್ದೆ ಬರೋದಿಲ್ಲ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,000ಕ್ಕೂ ಹೆಚ್ಚು. ಅಂದರೆ ನೂರಕ್ಕೆ 44. ಅವರ ಬಾಂಬಿನ ಕೆಳಗೆ ಸತ್ತ ಜನ ಈ ಲೆಕ್ಕದಲ್ಲಿ ಇಲ್ಲ.

1943ರಲ್ಲಿ ಗ್ರೂಪ್ ಕ್ಯಾಪ್ಟನ್ ಆಗಿದ್ದವನು ಮತ್ತೆ ಹಾರುವ ಆಸೆಗೆ ಒಂದು ದರ್ಜೆ ಇಳಿದು 617ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥನಾದ. 1944ರ ಫೆಬ್ರವರಿಯಲ್ಲಿ ಫ್ರಾನ್ಸಿನ ಲಿಮೋಜ್ ಊರಿನ ಎಂಜಿನ್ ಕಾರ್ಖಾನೆಗೆ ಬಾಂಬು ಹಾಕಬೇಕಿತ್ತು. ರಾತ್ರಿಪಾಳಿಯಲ್ಲಿದ್ದವರು ಫ್ರೆಂಚ್ ಹೆಂಗಸರು. ಚೆಶೈರ್ ಮೊದಲು ಛಾವಣಿಯ ಮೇಲೇ ಮತ್ತೆ ಮತ್ತೆ ಹಾರಿದ, ಅವರು ಓಡಿಹೋಗಲಿ ಅಂತ. ಶತ್ರುವಿಗೂ ಎಚ್ಚರಿಕೆ ಆಗುತ್ತೆ ಅಂತ ಗೊತ್ತಿದ್ದೇ ಮಾಡಿದ್ದು. ಆಮೇಲೆ ಗುರಿಯ ಮೇಲೆ ಗುರುತಿನ ಬೆಂಕಿ ಹಾಕಿದ. ಕಾರ್ಖಾನೆ ನೆಲಸಮವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ಬಂತು, ಯಾವುದೋ ಒಂದು ಸಾಹಸಕ್ಕಲ್ಲ, ನಾಲ್ಕು ವರ್ಷದ ದುಡಿಮೆಗೆ.

ಕೊನೆಗೆ 1945ರ ಆಗಸ್ಟ್ 9. ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಾಗ ಬ್ರಿಟನ್ನಿನ ಪರವಾಗಿ ನೋಡಲು ಹೋದವರಲ್ಲಿ ಆತನೂ ಒಬ್ಬ. ದೂರದ ವಿಮಾನದಿಂದ ಆ ಮೋಡವನ್ನು ಕಂಡ. ಅದು ಯುದ್ಧ ನಿಲ್ಲಿಸಿ ಜೀವ ಉಳಿಸಿತು ಅಂತ ಕಡೆಯವರೆಗೂ ನಂಬಿದ್ದ. ನನಗೆ ಇದನ್ನು ಒಪ್ಪೋಕೆ ಆಗೋದಿಲ್ಲ.

ಆದರೆ ಮುಂದಿನದನ್ನೂ ಹೇಳಬೇಕು. 1948ರಲ್ಲಿ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲಾಗದ ಒಬ್ಬ ಕ್ಯಾನ್ಸರ್ ರೋಗಿಯನ್ನು ತನ್ನ ಮನೆಗೆ ತಂದು, ಸಾಯುವ ತನಕ ತಾನೇ ಆರೈಕೆ ಮಾಡಿದ. ಅಲ್ಲಿಂದ ಅಂಗವಿಕಲರಿಗೆ ಮನೆಗಳನ್ನು ಕಟ್ಟುತ್ತ ಹೋದ. 1950ರ ದಶಕದಲ್ಲಿ ನಮ್ಮ ಅಂಧೇರಿಗೂ ಬಂದ. 1959ರಲ್ಲಿ ಸ್ಯೂ ರೈಡರ್ ಎಂಬ ಸಮಾಜಸೇವಕಿಯನ್ನು ಮದುವೆಯಾದದ್ದೂ ಇದೇ ಬೊಂಬಾಯಿಯಲ್ಲಿ. ತೀರಿಕೊಂಡದ್ದು 1992ರಲ್ಲಿ.

ಜಮಾ ಒಂದು ಕಡೆ, ಖರ್ಚು ಒಂದು ಕಡೆ ಬರೆದು ಕೂಡಿಸಿ ನೋಡಿದೆ. ತಾಳೆ ಆಗಲಿಲ್ಲ. ನೀವೂ ಒಂದು ಸಲ ಕೂಡಿಸಿ ನೋಡಿ.