ದಾಳದ ಲೆಕ್ಕ ಬರೆದ ವೈದ್ಯ

ಸಂಬಳದ ದಿನ ಕೈಗೆ ಬಂದ ನಾಲ್ಕು ಕಾಸನ್ನು ಎಂಟು ಮಾಡುವ ಆಸೆ ಯಾರಿಗಿಲ್ಲ? ಆ ಆಸೆಯೊಳಗಿನ ಗಣಿತವನ್ನು ಮೊದಮೊದಲು ಬಿಡಿಸಿಟ್ಟವರಲ್ಲಿ ಒಬ್ಬನಾದ ಜಿರೊಲಾಮೊ ಕಾರ್ದಾನೊನ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಇಟಲಿಯ ಪಾವಿಯಾ ನಗರದಲ್ಲಿ 1501ರಲ್ಲಿ ಆತನ ಜನನ. ತಂದೆ ಮಿಲಾನಿನ ವಕೀಲ. ಆಗ ತಂದೆತಾಯಿಗಳಿಗೆ ವಿವಾಹವಾಗಿರಲಿಲ್ಲ. ಪಡುವಾದಲ್ಲಿ ವೈದ್ಯವಿದ್ಯೆ ಕಲಿತು ಬಂದರೂ, ಈ ಜನ್ಮದ ನೆಪವೊಡ್ಡಿ ಮಿಲಾನಿನ ವೈದ್ಯರ ಸಂಘವು 1539ರವರೆಗೆ ಆತನನ್ನು ಹೊರಗಿಟ್ಟಿತು. ಅರೆಹೊಟ್ಟೆಯ ಆ ದಿನಗಳಲ್ಲಿ ಹೆಂಡತಿಯ ಒಡವೆ, ಮನೆಯ ಸಾಮಾನು ಜೂಜಿಗೆ ಹೋದವು. 25 ವರ್ಷ ದಾಳವಾಡಿದ್ದನ್ನು ಆತ್ಮಚರಿತ್ರೆಯಲ್ಲಿ ನಾಚಿಕೆಯಿಂದಲೇ ಒಪ್ಪಿಕೊಂಡಿದ್ದಾನೆ.

ಆದರೆ ಆಡುತ್ತ ಆಡುತ್ತ ಆತ ಎಣಿಸಿದ. ಒಂದು ದಾಳಕ್ಕೆ ಆರು ಮುಖ. ಎರಡನ್ನು ಒಟ್ಟಿಗೆ ಉರುಳಿಸಿದರೆ ಒಂದರ ಪ್ರತಿಯೊಂದು ಮುಖಕ್ಕೂ ಇನ್ನೊಂದರ ಆರು ಮುಖಗಳು ಜೊತೆಯಾಗಬಹುದಾದ್ದರಿಂದ ಒಟ್ಟು 36 ಬಗೆ. ಮೊತ್ತ ಹನ್ನೆರಡಾಗಲು ಎರಡರಲ್ಲೂ ಆರೇ ಬೀಳಬೇಕು. ಅದು ಒಂದೇ ಬಗೆ. ಏಳಕ್ಕಾದರೋ ಒಂದು-ಆರು, ಎರಡು-ಐದು, ಮೂರು-ನಾಲ್ಕು, ಇವೇ ತಿರುಗುಮುರುಗಾಗಿ ಇನ್ನು ಮೂರು, ಅಂತೂ ಆರು ಬಗೆ. ಹೀಗಾಗಿ ಏಳರ ಸಂಭವ ಹನ್ನೆರಡರ ಸಂಭವದ ಆರು ಪಟ್ಟು. ಬೇಕಾದ ಬಗೆಗಳೆಷ್ಟು, ಒಟ್ಟು ಬಗೆಗಳೆಷ್ಟು ಎಂದು ಹೋಲಿಸಿ ಪಣವಿಡಬೇಕೆಂಬುದು ಆತನ ಸೂತ್ರ. ದಾಳ ಮಾತ್ರ ಮೋಸದ್ದಾಗಿರಬಾರದು. ವೆನಿಸಿನಲ್ಲಿ ಗುರುತು ಮಾಡಿದ ಇಸ್ಪೀಟೆಲೆಗಳಿಂದ ವಂಚಿತನಾಗಿ ಎದುರಾಳಿಯ ಮುಖವನ್ನು ಕಠಾರಿಯಿಂದ ಗೀರಿದವನಿಗೆ ಆ ಷರತ್ತಿನ ಬೆಲೆ ತಿಳಿದಿರಲೇಬೇಕು!

ಅಂಥವನೂ ಒಂದೆಡೆ ಎಡವಿದ. ಒಮ್ಮೆ ಎಸೆದರೆ ಆರು ಬೀಳುವ ಸಂಭವ ಆರರಲ್ಲೊಂದು. ಆದ್ದರಿಂದ ಮೂರೆಸೆತದಲ್ಲಿ ಅರ್ಧ ಎಂದು ಬರೆದ. ನಾವೂ ಹಾಗೆಯೇ ಹೇಳುತ್ತಿದ್ದೆವು. ಬೀಳದಿರುವ ಬಗೆಗಳನ್ನು ಎಣಿಸಿ ನೋಡಿ: ಪ್ರತಿ ಎಸೆತಕ್ಕೆ ಐದರಂತೆ ಮೂರಕ್ಕೆ 5×5×5, ಅಂದರೆ 125. ಒಟ್ಟು ಬಗೆಗಳು 216. ಒಮ್ಮೆಯಾದರೂ ಆರು ಬೀಳುವ ಬಗೆಗಳು ಉಳಿದ 91 ಮಾತ್ರ. ಅರ್ಧವೆಂದರೆ 108 ಆಗಬೇಕಿತ್ತು. ಸರಿಸಮದ ಪಣವೆಂದು ನಂಬಿ ದಿನವೂ ಆಡುವವನ ಸಂಬಳವನ್ನು ನುಂಗಲು ಈ 17ರ ಕೊರತೆಯೇ ಸಾಕು.

1545ರಲ್ಲಿ ಹೊರಬಂದ ಬೀಜಗಣಿತದ ಗ್ರಂಥದಿಂದ ಯೂರೋಪಿನಲ್ಲೆಲ್ಲ ಹೆಸರಾಯಿತು. ಆದರೆ 1560ರಲ್ಲಿ, ಹೆಂಡತಿಗೆ ವಿಷವಿಟ್ಟ ಅಪರಾಧಕ್ಕಾಗಿ ಹಿರಿಯ ಮಗನ ಶಿರಚ್ಛೇದವಾಯಿತು. 1570ರಲ್ಲಿ ಚರ್ಚಿನ ವಿಚಾರಣಾ ಮಂಡಲಿಯು ಕಾರ್ದಾನೊನನ್ನೇ ಸೆರೆಯಲ್ಲಿಟ್ಟಿತು. 1576ರಲ್ಲಿ ರೋಮಿನಲ್ಲಿ ತೀರಿಕೊಂಡ. ಜೂಜಿನ ಪುಸ್ತಕ ಅಚ್ಚಾದದ್ದು 1663ರಲ್ಲಿ. ಅಷ್ಟರೊಳಗೆ, 1654ರಲ್ಲಿ, ಫ್ರಾನ್ಸಿನ ಪಾಸ್ಕಲ್ ಮತ್ತು ಫರ್ಮಾ ಪತ್ರಮುಖೇನ ಈ ಗಣಿತವನ್ನು ಚರ್ಚಿಸಿ, ಅದರ ಜನಕರೆಂಬ ಕೀರ್ತಿಗೆ ಪಾತ್ರರಾಗಿದ್ದರು.